ಹಳೇ ಜೀಪಿಗೆ ‘ವಿಂಟೇಜ್’ ರೇಟು: ದುಡ್ಡು ಕೊಡೋ ಮುಂಚೆ ಆರ್‌ಸಿ ನೋಡಿ

ಮಲೆನಾಡಿನ ತೋಟದ ಮನೆಗಳಲ್ಲಿ ಹಳೇ ವಿಲ್ಲಿಸ್ ಜೀಪು ಈಗ ಬರೀ ಗಾಡಿಯಲ್ಲ, ಪ್ರತಿಷ್ಠೆ. ಮಿಲಿಟರಿ ಹರಾಜಿನ ಜೋಂಗಾ ಆದರಂತೂ ಕೇಳೋದೇ ಬೇಡ. ‘ವಿಂಟೇಜ್ ಸಾರ್’ ಅಂತ ಮಾರುವವರು ರೇಟು ಏರಿಸುತ್ತಾರೆ. ಆದರೆ ಕಾನೂನಿನ ವಿಂಟೇಜೇ ಬೇರೆ.

2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಜೋಂಗಾ 1999ರವರೆಗೂ ತಯಾರಾಗಿದ್ದು, ಎಷ್ಟೋ ಗಾಡಿಗಳಿಗೆ ಇನ್ನೂ ಆ ವಯಸ್ಸಾಗಿಲ್ಲ. ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಜೀಪಿಗೂ ಈ ಪಟ್ಟ ಸಿಗೋದು ಕಷ್ಟ.

ಸಿಕ್ಕರೂ ಲಾಭ ಎಲ್ಲರಿಗಿಲ್ಲ. 20,000 ರೂ. ಕಟ್ಟಿ ‘ವಿಎ’ ನಂಬರ್ ಪಡೆದರೆ ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಗೊಬ್ಬರದ ಮೂಟೆ ತರಲು, ಸಂತೆಗೆ ಹೋಗಲು ಆಗಲ್ಲ.

ದಿನಾ ಓಡಿಸುವವರಿಗೆ ಸಾಮಾನ್ಯ ಆರ್‌ಸಿ ನವೀಕರಣವೇ ದಾರಿ. 2025ರ ಆಗಸ್ಟ್‌ನಲ್ಲಿ ಅದೂ ದುಬಾರಿಯಾಯ್ತು: 20 ವರ್ಷ ಮೀರಿದ ಕಾರು, ಜೀಪಿನ ನವೀಕರಣ ಶುಲ್ಕವನ್ನು ಕೇಂದ್ರ 5,000ದಿಂದ 10,000 ರೂ.ಗೆ ಏರಿಸಿತು.

ಹಾಗಾಗಿ ಬಣ್ಣಕ್ಕೆ ಮರುಳಾಗಬೇಡಿ. ಚಾಸಿ ನಂಬರ್, ಇಂಜಿನ್ ನಂಬರ್, ಇಂಧನ ಮೂರೂ ಆರ್‌ಸಿಯಲ್ಲಿ ಇದ್ದಂತೆಯೇ ಇದ್ದರೆ ಮಾತ್ರ ಅಡ್ವಾನ್ಸ್ ಕೊಡಿ.