ಕಾಡು ಹಿಗ್ಗಿತು, ಇಂಗಾಲದ ದಾಸ್ತಾನು ಕುಗ್ಗಿತು

ಜರ್ಮನಿಯ ನಾಲ್ಕನೇ ರಾಷ್ಟ್ರೀಯ ಅರಣ್ಯ ಗಣತಿಯ ವರದಿಯನ್ನು ಅಂದಿನ ಕೃಷಿ ಸಚಿವ ಜೆಮ್ ಓಜ್ದೆಮಿರ್ 2024ರ ಅಕ್ಟೋಬರ್ 8ರಂದು ಬಿಡುಗಡೆ ಮಾಡಿದಾಗ, ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಎರಡು ಅಂಕಿಗಳು ಅದರಲ್ಲಿದ್ದವು. 2012ಕ್ಕೆ ಹೋಲಿಸಿದರೆ ದೇಶದ ಅರಣ್ಯ ಪ್ರದೇಶ ಸುಮಾರು 15 ಸಾವಿರ ಹೆಕ್ಟೇರ್‌ನಷ್ಟು ಹೆಚ್ಚಿದೆ ಎಂಬುದು ಒಂದು. 2017ರಿಂದೀಚೆಗೆ ಅದೇ ಅರಣ್ಯದಲ್ಲಿದ್ದ ಇಂಗಾಲದ ದಾಸ್ತಾನು 4.15 ಕೋಟಿ ಟನ್‌ನಷ್ಟು ಕಡಿಮೆಯಾಗಿದೆ ಎಂಬುದು ಮತ್ತೊಂದು. ದಶಕಗಳ ಕಾಲ ವಾತಾವರಣದ ಇಂಗಾಲವನ್ನು ಹೀರುತ್ತಾ ಬಂದ ಜರ್ಮನಿಯ ಕಾಡು, ಈ ಅವಧಿಯಲ್ಲಿ ಹೀರಿದ್ದಕ್ಕಿಂತ ಹೆಚ್ಚು ಹೊರಬಿಟ್ಟಿತು.

ಎರಡೂ ಅಂಕಿಗಳು ಸರಿ. ತಪ್ಪಿದ್ದರೆ ಅದು ಕಾಡಿನ ವಿಸ್ತೀರ್ಣವನ್ನೇ ಕಾಡಿನ ಆರೋಗ್ಯದ ಅಳತೆಯೆಂದು ನಂಬಿರುವ ನಮ್ಮ ರೂಢಿಯಲ್ಲಿದೆ. ನೂರು ವರ್ಷದ ಮರಗಳು ಒಣಗಿ, ಕಡಿದು ಸಾಗಿಸಿದ ಬೋಳುಗುಡ್ಡವೂ ಮತ್ತೆ ಮರ ಬೆಳೆಯುವ ಜಾಗವಾಗಿರುವವರೆಗೆ ದಾಖಲೆಯಲ್ಲಿ ಅರಣ್ಯವೇ. ಅಲ್ಲಿ ನಿನ್ನೆ ನೆಟ್ಟ ಮೊಣಕಾಲುದ್ದದ ಸಸಿಗೂ, ಪಕ್ಕದಲ್ಲಿ ನಿಂತ ಮೂವತ್ತು ಮೀಟರ್ ಎತ್ತರದ ಬೀಚ್ ಮರಕ್ಕೂ ಹೆಕ್ಟೇರಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇಂಗಾಲದ ಲೆಕ್ಕದಲ್ಲಾದರೋ ಅಜಗಜಾಂತರ.

ಈ ವ್ಯತ್ಯಾಸ ಬಯಲಿಗೆ ಬಂದದ್ದು ಹಳೆಯ ಕ್ರಮವೊಂದರಿಂದ ಎಂಬುದು ಗಮನಾರ್ಹ. ಜರ್ಮನಿಯಲ್ಲಿ ದೇಶದಾದ್ಯಂತ 4 ಕಿ.ಮೀ. ಅಂತರದ ಚೌಕಳಿ ಹಾಕಿ, ಅದರ ಸಂಧಿಗಳಲ್ಲಿ 150 ಮೀಟರ್ ಬದಿಯ ಚೌಕಗಳನ್ನು ಗುರುತಿಸಲಾಗಿದೆ. ಕೆಲವು ರಾಜ್ಯಗಳಲ್ಲಿ ಚೌಕಳಿ ಇನ್ನೂ ಒತ್ತಾಗಿದೆ. ಚೌಕದ ಮೂಲೆ ಕಾಡಿನಲ್ಲಿ ಬಿದ್ದರೆ ಅದೇ ಮಾದರಿ ಬಿಂದು. ಅಲ್ಲೊಂದು ಕಬ್ಬಿಣದ ಗುರುತನ್ನು ನೆಲದೊಳಗೆ ಹೂತಿಡುತ್ತಾರೆ, ಮೇಲೆ ಯಾವ ಫಲಕವೂ ಇರುವುದಿಲ್ಲ. ಅಳತೆಯ ಜಾಗವೆಂದು ಗೊತ್ತಾದರೆ ಕಾಡಿನ ಮಾಲೀಕ ಆ ತುಣುಕನ್ನು ಮಾತ್ರ ಮುತುವರ್ಜಿಯಿಂದ ನೋಡಿಕೊಂಡಾನು ಎಂಬ ಮುಂಜಾಗ್ರತೆ ಇದು! ಹತ್ತು ವರ್ಷದ ನಂತರ ಬರುವ ತಂಡ ಲೋಹಶೋಧಕ ಹಿಡಿದು ಆ ಕಬ್ಬಿಣವನ್ನು ಹುಡುಕಿ, ಅದೇ ಮರಗಳನ್ನು ಮತ್ತೆ ಅಳೆಯುತ್ತದೆ.

ಯಾವ ಮರವನ್ನು ಅಳೆಯಬೇಕೆಂದು ನಿರ್ಧರಿಸುವ ಉಪಾಯವನ್ನು ಆಸ್ಟ್ರಿಯಾದ ಅರಣ್ಯತಜ್ಞ ವಾಲ್ಟರ್ ಬಿಟರ್ಲಿಶ್ 1940ರ ದಶಕದಲ್ಲಿ ರೂಪಿಸಿದರು. ಬಿಂದುವಿನ ಮೇಲೆ ನಿಂತು, ನಿಗದಿತ ಅಗಲದ ಪಟ್ಟಿಯ ಮೂಲಕ ನೋಡುತ್ತಾ ಸುತ್ತ ತಿರುಗಬೇಕು. ಪಟ್ಟಿಗಿಂತ ದಪ್ಪವಾಗಿ ಕಂಡ ಕಾಂಡಗಳನ್ನು ಮಾತ್ರ ಎಣಿಸಬೇಕು. ಅಷ್ಟರಿಂದಲೇ ಹೆಕ್ಟೇರಿಗೆ ಎಷ್ಟು ಚದರ ಮೀಟರ್ ಕಾಂಡವಿದೆ ಎಂಬುದು ತಿಳಿಯುತ್ತದೆ. ನಂತರ ನೆಲದಿಂದ 1.3 ಮೀಟರ್ ಎತ್ತರದಲ್ಲಿ ವ್ಯಾಸ, ಕೆಲವು ಮರಗಳ ಎತ್ತರ, ಜಾತಿ, ವಯಸ್ಸುಗಳನ್ನು ದಾಖಲಿಸಲಾಗುತ್ತದೆ. ಇವುಗಳಿಂದ ಗಾತ್ರ, ಗಾತ್ರದಿಂದ ಒಣತೂಕ ಲೆಕ್ಕ ಹಾಕುತ್ತಾರೆ. ಒಣತೂಕದ ಸುಮಾರು ಅರ್ಧದಷ್ಟು ಇಂಗಾಲ. 2021 ಮತ್ತು 2022ರಲ್ಲಿ ಸುಮಾರು 80 ಸಾವಿರ ಬಿಂದುಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಮರಗಳನ್ನು ಹೀಗೆ ಅಳೆಯಲಾಯಿತು.

ಇಂಗಾಲ ಕರಗಿದ್ದಕ್ಕೆ ಕಾರಣ ನಿಗೂಢವೇನಲ್ಲ. ಎರಡನೇ ಮಹಾಯುದ್ಧದ ನಂತರ ಬೋಳಾಗಿದ್ದ ಬೆಟ್ಟಗಳಲ್ಲಿ ಜರ್ಮನಿ ಬೇಗ ಬೆಳೆಯುವ, ನಾಟಾಕ್ಕೆ ಬೆಲೆ ತರುವ ಸ್ಪ್ರೂಸ್ ಮರವನ್ನು ಧಾರಾಳವಾಗಿ ನೆಟ್ಟಿತು. ತಂಪು ಮತ್ತು ತೇವ ಬಯಸುವ, ಬೇರು ಆಳಕ್ಕಿಳಿಯದ ಈ ಮರಕ್ಕೆ 2018ರಿಂದ 2020ರವರೆಗಿನ ಬರ ಮಾರಕವಾಯಿತು. ಬಾಯಾರಿದ ಸ್ಪ್ರೂಸ್‌ಗೆ ಅಂಟು ಸುರಿಸಿ ಕೀಟವನ್ನು ತಡೆಯುವ ಶಕ್ತಿ ಉಳಿಯುವುದಿಲ್ಲ. ತೊಗಟೆ ಕೊರೆಯುವ ಜೀರುಂಡೆಗಳು ಹಾರ್ಟ್ಸ್ ಪರ್ವತದಂಥ ಪ್ರದೇಶಗಳಲ್ಲಿ ಬೆಟ್ಟಕ್ಕೆ ಬೆಟ್ಟವನ್ನೇ ಬೂದುಬಣ್ಣಕ್ಕೆ ತಿರುಗಿಸಿದವು. ಸ್ಪ್ರೂಸ್‌ನ ವಿಸ್ತೀರ್ಣ 2012ರಿಂದ ಶೇ. 17ರಷ್ಟು ಕುಸಿಯಿತು; ದೇಶದಲ್ಲಿ ಅತಿ ಹೆಚ್ಚು ಜಾಗದಲ್ಲಿರುವ ಮರವೆಂಬ ಪಟ್ಟ ಪೈನ್‌ಗೆ ಹೋಯಿತು. ಉಳಿದ ಮರಗಳ ಬೆಳವಣಿಗೆಯೂ ನಿಧಾನವಾಯಿತು.

4.15 ಕೋಟಿ ಟನ್ ಎಂದರೆ ಕಾಡಿನ ಒಟ್ಟು ಸುಮಾರು 220 ಕೋಟಿ ಟನ್ ದಾಸ್ತಾನಿನಲ್ಲಿ ಶೇ. 2ಕ್ಕೂ ಕಡಿಮೆ. ಅಷ್ಟಕ್ಕೆ ಇಷ್ಟೊಂದು ಗದ್ದಲವೇಕೆ? ಇಂಗಾಲದ ಡೈಆಕ್ಸೈಡ್‌ಗೆ ಪರಿವರ್ತಿಸಿದರೆ ಇದು ಸುಮಾರು 15 ಕೋಟಿ ಟನ್, ಅಂದರೆ ಐದು ವರ್ಷಗಳಲ್ಲಿ ವರ್ಷಕ್ಕೆ 3 ಕೋಟಿ ಟನ್. ಆದರೆ 2021ರಲ್ಲಿ ತಿದ್ದುಪಡಿಯಾದ ಜರ್ಮನಿಯ ಹವಾಮಾನ ಕಾಯಿದೆಯ ಪ್ರಕಾರ ಕಾಡು, ಜವುಗು, ಹುಲ್ಲುಗಾವಲುಗಳೆಲ್ಲ ಸೇರಿ 2030ರಲ್ಲಿ 2.5 ಕೋಟಿ ಟನ್, 2045ರಲ್ಲಿ 4 ಕೋಟಿ ಟನ್ ಡೈಆಕ್ಸೈಡ್ ಹೀರಬೇಕು. ಕಾರ್ಖಾನೆ, ಹೊಲಗಳಿಂದ ಕೊನೆಗೂ ಉಳಿದುಬಿಡುವ ಹೊಗೆಯನ್ನು ಈ ಖಾತೆಯಲ್ಲಿ ವಜಾ ಮಾಡಿ 2045ಕ್ಕೆ ಶೂನ್ಯ ತೋರಿಸುವುದು ಯೋಜನೆ. ಬೊಕ್ಕಸಕ್ಕೆ ಬರಬೇಕಾದ ಹಣವನ್ನು ಮೊದಲೇ ಖರ್ಚಿಗೆ ಬರೆದಿಟ್ಟಂತೆ ಇದು. ಒಸರುನೀರು ಬಸಿದ ಜವುಗು ನೆಲಗಳು ಈಗಾಗಲೇ ಈ ಖಾತೆಯ ದೊಡ್ಡ ಸಾಲಗಾರರಾಗಿದ್ದವು. ಕಾಡೂ ಆ ಸಾಲಿಗೆ ಸೇರಿತು.

ಎರಡು ಗಣತಿಗಳ ನಡುವಿನ ವರ್ಷಗಳ ಅಂದಾಜುಗಳನ್ನು ಹಿಂದಿನ ಅಳತೆಯ ಆಧಾರದಲ್ಲೇ ಮಾಡಬೇಕಾಗುವುದರಿಂದ, ಕಾಡು ಒಣಗುತ್ತಿದ್ದಾಗಲೂ ಸರ್ಕಾರಿ ದಾಖಲೆಯಲ್ಲಿ ಅದು ಹೀರುತ್ತಲೇ ಇತ್ತು. ಹೊಸ ಗಣತಿ ಬಂದ ಮೇಲೆ ಹಿಂದಿನ ವರ್ಷಗಳ ಲೆಕ್ಕವನ್ನೂ ತಿದ್ದಬೇಕಾಯಿತು. ಫಿನ್ಲೆಂಡ್‌ನದೂ ಇಂಥದೇ ಸಂಕಟ. 2035ಕ್ಕೆ ಇಂಗಾಲ ಸಮತೋಲ ಸಾಧಿಸುವುದಾಗಿ, ಬಹುಮಟ್ಟಿಗೆ ಕಾಡನ್ನೇ ನೆಚ್ಚಿ ಘೋಷಿಸಿದ ಆ ದೇಶದ ಭೂಬಳಕೆ ವಲಯ 2021ರಲ್ಲಿ ಹೀರುವ ಬದಲು ಹೊರಸೂಸುವ ವಲಯವಾಯಿತು.

ಹತ್ತು ವರ್ಷ ಕಾಯುವ ಬದಲು ಉಪಗ್ರಹದಿಂದಲೇ ಅಳೆಯಬಾರದೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಎಚ್ಚರಿಕೆಯ ಉತ್ತರ 2020ರಲ್ಲೇ ಸಿಕ್ಕಿದೆ. ಐರೋಪ್ಯ ಆಯೋಗದ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನು ಆಧರಿಸಿ, 2011-15ಕ್ಕೆ ಹೋಲಿಸಿದರೆ 2016-18ರಲ್ಲಿ ಒಕ್ಕೂಟದಲ್ಲಿ ಮರ ಕಡಿದ ಪ್ರದೇಶ ಶೇ. 49ರಷ್ಟು ಹೆಚ್ಚಿದೆಯೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅತಿ ದೊಡ್ಡ ಏರಿಕೆ ಕಂಡದ್ದು ನಾರ್ಡಿಕ್ ದೇಶಗಳು ಸೇರಿದಂತೆ ಕೆಲವೆಡೆ. ಅರಣ್ಯತಜ್ಞರು ತೀವ್ರವಾಗಿ ಆಕ್ಷೇಪಿಸಿದರು. 2021ರಲ್ಲಿ ಅದೇ ಪತ್ರಿಕೆ ಖಂಡನೆಗಳನ್ನು ಪ್ರಕಟಿಸಿತು. ಮರುವರ್ಷ ಫಿನ್ಲೆಂಡ್ ಮತ್ತು ಸ್ವೀಡನ್‌ನ 1.2 ಲಕ್ಷಕ್ಕೂ ಹೆಚ್ಚು ಕ್ಷೇತ್ರ ಬಿಂದುಗಳೊಂದಿಗೆ ತಾಳೆ ನೋಡಿದಾಗ ಹೊರಬಿದ್ದ ಸಂಗತಿ ಇದು: 2015ರ ನಂತರ ಹೆಚ್ಚಿದ್ದು ಕಡಿಯುವಿಕೆಗಿಂತ ಮುಖ್ಯವಾಗಿ, ಕಡಿದದ್ದನ್ನು ಗುರುತಿಸುವ ನಕ್ಷೆಯ ಸಾಮರ್ಥ್ಯ. ಹೊಸ ಕನ್ನಡಕ ಹಾಕಿಕೊಂಡವನು ಊರಿನಲ್ಲಿ ಧೂಳು ಹೆಚ್ಚಾಯಿತೆಂದು ದೂರಿದಂತಾಯಿತು.

ಹಾಗೆಂದು ಉಪಗ್ರಹವನ್ನು ತಳ್ಳಿಹಾಕುವಂತಿಲ್ಲ. ಜೀರುಂಡೆಯ ಹಾವಳಿ ಎಲ್ಲಿ ಹಬ್ಬುತ್ತಿದೆ ಎಂಬುದನ್ನು ಅದೇ ಮೊದಲು ತೋರಿಸುತ್ತದೆ. ತೊಡಕಿರುವುದು ಮರದ ತೂಕ ಹೇಳುವುದರಲ್ಲಿ. 2018ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಲಾದ ನಾಸಾದ ‘ಜೆಡೈ’ ಲೇಸರ್ ಉಪಕರಣ ಕಾಡಿನ ಎತ್ತರ ಮತ್ತು ಒಳಪದರಗಳನ್ನು ಅಳೆಯಬಲ್ಲದು. ಆದರೆ ನಿಲ್ದಾಣದ ಪಥ 51.6 ಡಿಗ್ರಿ ಅಕ್ಷಾಂಶ ದಾಟುವುದಿಲ್ಲವಾದ್ದರಿಂದ ಬರ್ಲಿನ್‌ನ ಕಾಡುಗಳೂ, ಇಡೀ ಸ್ವೀಡನ್, ಫಿನ್ಲೆಂಡ್‌ಗಳೂ ಅದರ ವ್ಯಾಪ್ತಿಯ ಹೊರಗೆ. 2025ರ ಏಪ್ರಿಲ್ 29ರಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹಾರಿಬಿಟ್ಟ ‘ಬಯೋಮಾಸ್’ ಉಪಗ್ರಹದ ರೇಡಾರ್ ಎಲೆಯ ಹೊದಿಕೆಯನ್ನು ಭೇದಿಸಿ ಕಾಂಡವನ್ನೇ ತಲುಪುತ್ತದೆ. ವಿಪರ್ಯಾಸವೆಂದರೆ ಅದನ್ನು ಯುರೋಪ್ ಮತ್ತು ಉತ್ತರ ಅಮೆರಿಕದ ಮೇಲೆ ಬಳಸುವಂತಿಲ್ಲ. ಬಾಹ್ಯಾಕಾಶದ ವಸ್ತುಗಳ ಮೇಲೆ ಕಣ್ಣಿಡುವ ಅಮೆರಿಕದ ಸೇನಾ ರೇಡಾರ್‌ಗಳು ಅದೇ ತರಂಗಾಂತರದಲ್ಲಿವೆ.

ಈ ಕೊರತೆಯನ್ನು ಭಾಗಶಃ ತುಂಬಬಲ್ಲದ್ದು ಬೆಂಗಳೂರಿನಲ್ಲಿ ಜೋಡಣೆ, ಪರೀಕ್ಷೆಗಳನ್ನು ಮುಗಿಸಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೊ ಜಂಟಿ ಉಪಗ್ರಹ ‘ನಿಸಾರ್’. ಭೂಭಾಗವನ್ನು 12 ದಿನಗಳಿಗೊಮ್ಮೆ ಅದೇ ಪಥದಲ್ಲಿ ಮರಳಿ ಸಮೀಕ್ಷಿಸಲು ರೂಪಿಸಿದ ಇದಕ್ಕೆ ಮೋಡ, ಕತ್ತಲೆಗಳ ಹಂಗಿಲ್ಲ. ಮಿತಿಯಿರುವುದು ಬೇರೆಡೆ: ಹೆಕ್ಟೇರಿಗೆ ಸುಮಾರು 100 ಟನ್ ಜೈವಿಕ ರಾಶಿ ದಾಟಿದ ನಂತರ ಇದರ ರೇಡಾರ್ ಸಂಕೇತ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಜರ್ಮನಿಯ ಕಾಡಿನಲ್ಲಿ ಹೆಕ್ಟೇರಿಗೆ ಸರಾಸರಿ 358 ಘನ ಮೀಟರ್ ನಾಟಾ ಇದೆ. ಕಾಂಡಗಳ ತೂಕವೊಂದೇ ಈ ಮಿತಿಯನ್ನು ಮೀರುತ್ತದೆ. ಎಳೆಯ ಕಾಡು ಬೆಳೆಯುತ್ತಿರುವುದನ್ನು, ಬೆಳೆದ ಕಾಡು ಬಿದ್ದದ್ದನ್ನು ನಿಸಾರ್ ಹೇಳೀತು. ಹಳೆಯ ಕಾಡು ಇನ್ನಷ್ಟು ದಪ್ಪವಾಯಿತೇ ಎಂಬುದಕ್ಕೆ ಲೋಹಶೋಧಕ ಹಿಡಿದ ತಂಡವೇ ಬೇಕು.

ಭಾರತದಲ್ಲಿಯೂ ಅರಣ್ಯ ವರದಿ ಬಂದಾಗ ಶೀರ್ಷಿಕೆಗೆ ಏರುವುದು ವಿಸ್ತೀರ್ಣವೇ. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಭಾರತೀಯ ಅರಣ್ಯ ಸರ್ವೇಕ್ಷಣೆಯ 2023ರ ವರದಿ ದೇಶದ ಶೇ. 25.17 ಭಾಗ ಅರಣ್ಯ ಮತ್ತು ಮರಗಳ ಹೊದಿಕೆಯಲ್ಲಿದೆ ಎಂದಿತು. ಒಂದು ಹೆಕ್ಟೇರ್‌ಗೆ ಕಡಿಮೆಯಿಲ್ಲದ, ಶೇ. 10ಕ್ಕೆ ಕಡಿಮೆಯಿಲ್ಲದ ಮೇಲ್ಛಾವಣಿಯಿರುವ ಜಾಗವೆಲ್ಲ, ತೋಟವಾಗಲಿ ನೆಡುತೋಪಾಗಲಿ, ಅದರಲ್ಲಿ ಅರಣ್ಯವೇ. ಸರ್ವೇಕ್ಷಣೆಯೂ ಕ್ಷೇತ್ರ ಬಿಂದುಗಳಲ್ಲಿ ಮರಗಳನ್ನು ಅಳೆದು ಇಂಗಾಲದ ಅಂದಾಜು ಕೊಡುತ್ತದೆ. ಆ ಅಧ್ಯಾಯವನ್ನು ಓದುವವರು ಕಡಿಮೆ. ಅದೇ ವರದಿಯ ಪ್ರಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಹತ್ತು ವರ್ಷಗಳಲ್ಲಿ ಅರಣ್ಯ ಹೊದಿಕೆ 58.22 ಚದರ ಕಿ.ಮೀ. ಕಡಿಮೆಯಾಗಿದ್ದರೆ, ‘ಅತಿ ದಟ್ಟ ಅರಣ್ಯ’ 3,465 ಚದರ ಕಿ.ಮೀ. ಹೆಚ್ಚಿದೆ. ಸಾಧಾರಣ ದಟ್ಟ ಮತ್ತು ವಿರಳ ಅರಣ್ಯಗಳ ವಿಸ್ತೀರ್ಣ ಕುಗ್ಗಿದೆ. ಅತಿ ದಟ್ಟವೆಂದರೆ ಮೇಲಿನಿಂದ ನೋಡಿದಾಗ ನೆಲದ ಶೇ. 70 ಅಥವಾ ಹೆಚ್ಚು ಭಾಗ ಎಲೆಯಿಂದ ಮುಚ್ಚಿರುವುದು. ಆ ಎಲೆಯ ಕೆಳಗಿನ ಕಾಂಡ ಎಷ್ಟು ದಪ್ಪ ಎಂಬುದು ಈ ಅಂಕಿಯಲ್ಲಿ ಇಲ್ಲ.