ಪಾಲ್‌ನ ಕೆಳಗಿಳಿಸಿದ್ದು ಮೋಸ ಅಲ್ಲ

ಭಾಗ 1/6

ಮೊದಲೇ ಹೇಳಿಬಿಡ್ತೀನಿ, ಈ ಸರಣಿಯಲ್ಲಿ ಸ್ಪಾಯ್ಲರ್ ಇದೆ. ‘ಡ್ಯೂನ್’ ಸರಣಿಯ ಎರಡನೇ ಕಾದಂಬರಿ ‘ಡ್ಯೂನ್ ಮೆಸ್ಸಾಯಾ’ ಓದದೇ ಇರೋರು, 2026ರ ಡಿಸೆಂಬರ್‌ಗೆ ಅಂತ ಘೋಷಣೆ ಆಗಿರೋ ಮೂರನೇ ಸಿನಿಮಾಕ್ಕೆ ಕಾಯೋರು ಇದನ್ನ ಸೇವ್ ಮಾಡಿಟ್ಟು ಆಮೇಲೆ ಬನ್ನಿ. ಉಳಿದವರು ಕೂತ್ಕೊಳ್ಳಿ, ಸ್ವಲ್ಪ ಉದ್ದ ಐತಿ.

ನಮ್ಮ ಕ್ಲಾಸ್ ಗ್ರೂಪಿನಲ್ಲಿ ಎರಡು ವಾರದಿಂದ ನಡೀತಿರೋ ಜಗಳ ಗೊತ್ತಿರೋರಿಗೆ ಗೊತ್ತು. ಒಂದು ಪಾರ್ಟಿ ಹೇಳೋದು: “ಮೊದಲನೇ ಬುಕ್ಕಿನ್ಯಾಗ ಪಾಲ್‌ನ ದೇವರ ಹಂಗ ಎತ್ತಿ ಕುಂದ್ರಿಸಿ, ಎರಡನೇದ್ರಾಗ ಕೊಲೆಗಾರನ್ನ ಮಾಡಿ, ಕುರುಡನ್ನ ಮಾಡಿ ಮರಳುಗಾಡಿಗೆ ಕಳಿಸ್ತಾನಂದ್ರ, ಇಂವ ಓದೋರಿಗೆ ಮೋಸ ಮಾಡ್ಯಾನ.” ಇನ್ನೊಂದು ಪಾರ್ಟಿ: “ಕಥಿ ಬರೆದಾಂವ ಅಂವ. ಕೇಳಾಕ ನೀ ಯಾರಲೇ?”

ನಾನು ಎರಡನೇ ಪಾರ್ಟಿ. ಆದರೆ ಅವರು ಕೊಡೋ ಕಾರಣ ನಂಗೆ ಸರಿ ಅನ್ಸಲ್ಲ. ದುಡ್ಡು ಕೊಟ್ಟು, ರಾತ್ರಿ ನಿದ್ದೆ ಬಿಟ್ಟು, ಅರ್ಥ ಆಗದ ಇಂಗ್ಲಿಷ್ ಪದಕ್ಕೆ ಮೊಬೈಲ್ ತೆಗೆದು ತೆಗೆದು ನೋಡಿ ಐನೂರು ಪುಟ ಓದಿದವನಿಗೆ ಕೇಳೋ ಹಕ್ಕು ಇದ್ದೇ ಇದೆ. ಕೇಳಲಿ. ಉತ್ತರ ಪುಸ್ತಕದೊಳಗೇ ಐತಿ ಅನ್ನೋದು ನನ್ನ ವಾದ.

ಓದದೇ ಇದ್ರೂ ಸ್ಪಾಯ್ಲರ್‌ಗೆ ಹೆದರದೆ ಕೂತಿರೋರಿಗೆ ಕಥೆ ನಾಲ್ಕು ಸಾಲಿನಲ್ಲಿ. ಅರಾಕಿಸ್ ಅನ್ನೋ ಮರಳಿನ ಗ್ರಹ. ನೀರಿಲ್ಲ. ಅಲ್ಲಿ ಮಾತ್ರ ಸಿಗೋ ಒಂದು ಸ್ಪೈಸ್ ಇಲ್ಲದೆ ಇಡೀ ಬ್ರಹ್ಮಾಂಡದ ಸಂಚಾರ, ವ್ಯಾಪಾರ ನಿಂತುಹೋಗುತ್ತೆ. (ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಧಾರಣೆ ಬಿದ್ದ ದಿನ ಊರಿನ ಮುಖ ಹೆಂಗಿರುತ್ತೆ ಅಂತ ನೋಡಿದ ನಮಗೆ ಇದನ್ನ ಯಾರೂ ಬಿಡಿಸಿ ಹೇಳೋದು ಬೇಡ.) ಅಪ್ಪನನ್ನು ಕಳಕೊಂಡ ಪಾಲ್ ಅಟ್ರೈಡಿಸ್ ಅನ್ನೋ ಹುಡುಗ ಮರಳುಗಾಡಿನ ಫ್ರೆಮೆನ್ ಜನರ ಜೊತೆ ಸೇರ್ತಾನೆ, ಅವರ ಪ್ರವಾದಿ ಆಗ್ತಾನೆ, ಚಕ್ರವರ್ತಿಯನ್ನ ಸೋಲಿಸ್ತಾನೆ. ಮೊದಲ ಪುಸ್ತಕ ಅಲ್ಲಿಗೆ ಮುಗೀತದೆ. ಸೀಟಿ, ಚಪ್ಪಾಳೆ.

ಭಾಗ 2/6

ಈ ಜಗಳ ನಮ್ಮ ಗ್ರೂಪಿನಲ್ಲಿ ಹುಟ್ಟಿದ್ದಲ್ಲ. ಇದಕ್ಕೆ ಐವತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸು.

ಫ್ರಾಂಕ್ ಹರ್ಬರ್ಟ್ ಬರೆದ ‘ಡ್ಯೂನ್’ ಪುಸ್ತಕವಾಗಿ ಬಂದದ್ದು 1965ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದ ಮೇಲೆ ಅದನ್ನ ತಗೊಂಡಿದ್ದು ಚಿಲ್ಟನ್ ಅನ್ನೋ ಕಂಪನಿ. ಆ ಕಂಪನಿ ಹೆಸರು ಮಾಡಿದ್ದು ಕಾರ್ ರಿಪೇರಿ ಪುಸ್ತಕಗಳಿಂದ! ಅದಕ್ಕೂ ಮೊದಲು ‘ಅನಲಾಗ್’ ಅನ್ನೋ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಅದರ ಸಂಪಾದಕ ಜಾನ್ ಕ್ಯಾಂಬೆಲ್ ಆ ಕಾಲದ ವೈಜ್ಞಾನಿಕ ಕಥೆಗಳ ಲೋಕದಲ್ಲಿ ದೊಡ್ಡ ಕುಳ. ಅವರು ಮೆಚ್ಚಿದ್ರೆ ಓದುಗರು ಮೆಚ್ಚಿದ ಹಾಗೆ.

ಎರಡನೇ ಕಾದಂಬರಿ ಅದೇ ಕ್ಯಾಂಬೆಲ್ ಹತ್ರ ಹೋಯ್ತು. ಅವರು ಬೇಡ ಅಂದ್ರು. ಕಾರಣ ನಮ್ಮ ಗ್ರೂಪಿನ ಮೊದಲ ಪಾರ್ಟಿಯ ಕಾರಣವೇ: ಓದುಗರಿಗೆ ಗೆಲ್ಲೋ ಹೀರೋ ಬೇಕು, ಬೀಳೋ ಹೀರೋ ಬೇಡ. ಕೊನೆಗೆ ಅದು 1969ರಲ್ಲಿ ‘ಗ್ಯಾಲಕ್ಸಿ’ ಅನ್ನೋ ಬೇರೆ ಪತ್ರಿಕೆಯಲ್ಲಿ ಬಂತು, ಅದೇ ವರ್ಷ ಪುಸ್ತಕವೂ ಆಯ್ತು. ಓದಿದವರು ಅವತ್ತೇ ಎರಡು ಭಾಗ ಆದ್ರು.

ಅದರಲ್ಲಿ ಏನಿತ್ತು ಅಂತೀರಾ? ಕಥೆ ಹನ್ನೆರಡು ವರ್ಷ ಮುಂದಕ್ಕೆ ಹೋಗಿದೆ. ಪಾಲ್ ಈಗ ಚಕ್ರವರ್ತಿ. ಅವನ ಹೆಸರಿನಲ್ಲಿ ಫ್ರೆಮೆನ್ ಸೈನಿಕರು ಗ್ರಹದಿಂದ ಗ್ರಹಕ್ಕೆ ಧರ್ಮಯುದ್ಧ ಒಯ್ದಿದ್ದಾರೆ. ಸತ್ತವರ ಲೆಕ್ಕವನ್ನ ಪಾಲ್ ತಾನೇ ಕೂತು ಹೇಳ್ತಾನೆ: 6100 ಕೋಟಿ ಜನ. ಇವತ್ತು ಭೂಮಿ ಮೇಲೆ ಇರೋ ಎಲ್ಲರನ್ನೂ ಏಳು ಸಲಕ್ಕಿಂತ ಹೆಚ್ಚು ಕೊಂದಷ್ಟು. ತೊಂಬತ್ತು ಗ್ರಹಗಳಲ್ಲಿ ಜೀವವೇ ಇಲ್ಲದ ಹಾಗೆ ಮಾಡಿದ್ದಾರೆ. ಅದೇ ಮಾತಿನಲ್ಲಿ ಅವನು ಚೆಂಗೀಸ್ ಖಾನ್, ಹಿಟ್ಲರ್ ಹೆಸರು ತೆಗೀತಾನೆ; ತನ್ನ ಮುಂದೆ ಅವರ ಲೆಕ್ಕ ಏನೂ ಅಲ್ಲ ಅನ್ನೋ ಅರ್ಥದಲ್ಲಿ.

ಮೊದಲ ಪುಸ್ತಕದ ಕೊನೆಯಲ್ಲಿ ಸೀಟಿ ಹೊಡೆದವನಿಗೆ ಈ ಪುಟ ಓದುವಾಗ ಏನಾಗಬೇಕು ಹೇಳಿ. ನಂಗಂತೂ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಿಲ್ಲಂಗಾಯ್ತು.

ಭಾಗ 3/6

ಈಗ ‘ಮೋಸ’ ಅನ್ನೋ ಮಾತಿಗೆ ಬರೋಣ. ಒಂದು ಹೇಳಿ ಇನ್ನೊಂದು ಕೊಟ್ರೆ ಮೋಸ. ಹರ್ಬರ್ಟ್ ಮೊದಲೇ ಹೇಳಿದ್ದ.

ಮೊದಲ ಪುಸ್ತಕದಲ್ಲಿ ಕೈನ್ಸ್ ಅನ್ನೋ ವಿಜ್ಞಾನಿ ಇದ್ದಾನಲ್ಲ, ಅರಾಕಿಸ್‌ನ ಹಸಿರು ಮಾಡೋ ಕನಸಿನವನು, ಅವನು ಸಾಯೋ ದೃಶ್ಯ ತೆಗೆದು ಇನ್ನೊಮ್ಮೆ ಓದಿ. ನೀರಿಲ್ಲದೆ ಮರಳಿನಲ್ಲಿ ಬಿದ್ದಿದ್ದಾನೆ. ಸತ್ತುಹೋದ ಅಪ್ಪನ ದನಿ ಕೇಳಿಸುತ್ತೆ. ಆ ದನಿ ಹೇಳೋದರ ತಾತ್ಪರ್ಯ ಇಷ್ಟು: ನಿನ್ನ ಜನ ಒಬ್ಬ ಹೀರೋನ ಕೈಗೆ ಸಿಗೋದಕ್ಕಿಂತ ದೊಡ್ಡ ಅನಾಹುತ ಬೇರೆ ಇಲ್ಲ. ಪುಸ್ತಕದ ನಡುಮಧ್ಯ, ಪಾಲ್ ಇನ್ನೂ ಏನೂ ಗೆದ್ದಿಲ್ಲದಾಗ ಬರೋ ಮಾತು ಇದು. 2021ರ ಸಿನಿಮಾದಲ್ಲಿ ಕೈನ್ಸ್ ಸಾವು ಬೇರೆ ಥರ ಇದೆ, ಈ ದನಿ ಇಲ್ಲ. ಹಾಗಾಗಿ ಬರೀ ಸಿನಿಮಾ ನೋಡಿದವರನ್ನ ನಾನು ದೂರಲ್ಲ. ಪುಸ್ತಕ ಓದಿದವರು ಮಾತ್ರ ಈ ಪುಟ ಹೆಂಗ ದಾಟಿ ಹೋದಿರೋ ಶಿವನೇ ಬಲ್ಲ.

ಅದೊಂದೇ ಅಲ್ಲ. ಪಾಲ್‌ಗೆ ಭವಿಷ್ಯ ಕಾಣಿಸುತ್ತೆ. ತನ್ನ ಹೆಸರು ಕೂಗ್ತಾ, ತನ್ನ ಬಾವುಟ ಹಿಡಿದು ಕೊಲ್ಲೋ ಸೈನ್ಯ ಅವನಿಗೆ ಮೊದಲ ಪುಸ್ತಕದಲ್ಲೇ ಮತ್ತೆ ಮತ್ತೆ ಕಾಣುತ್ತೆ. ತಪ್ಪಿಸಬೇಕು ಅಂತ ಒದ್ದಾಡ್ತಾನೆ. ಕೊನೇ ಪುಟಗಳಲ್ಲಿ, ಇನ್ನು ತಾನು ಸತ್ರೂ ಅದು ನಿಲ್ಲಲ್ಲ ಅಂತ ಅವನಿಗೆ ಗೊತ್ತಾಗುತ್ತೆ. ನಾವು ಆ ಸಾಲುಗಳನ್ನ ಫೈಟಿಂಗ್ ಗಡಿಬಿಡಿಯಲ್ಲಿ ನುಂಗಿಬಿಟ್ವಿ. ‘ಮೊದಲ ಪುಸ್ತಕ ಮುಗಿಯೋಕೆ ಮುಂಚೆಯೇ ಎರಡನೇ, ಮೂರನೇ ಪುಸ್ತಕದ ಕೆಲವು ಭಾಗ ಬರೆದಾಗಿತ್ತು’ ಅಂತ ಹರ್ಬರ್ಟ್ 1980ರಲ್ಲಿ ಒಂದು ಲೇಖನದಲ್ಲಿ ಹೇಳಿಕೊಂಡಿದ್ದಾರೆ. ಹಾಗಾದ್ರೆ ದಾರಿ ಬದಲಾಗಿದ್ದೆಲ್ಲಿ? ಅದೇ ದಾರಿ, ನಾವು ಅರ್ಧಕ್ಕೆ ಇಳಿದು ಊರು ಬಂತು ಅಂದ್ಕೊಂಡ್ವಿ.

ನುಂಗಿದ್ದು ಯಾಕೆ ಅಂತ ತಿಳೀಬೇಕಾದ್ರೆ ಅಮೆರಿಕಕ್ಕೆ ಹೋಗೋದು ಬೇಡ. ದೀಪಾವಳಿ ಆದಮೇಲೆ ನಮ್ಮ ಜಿಲ್ಲೆಯ ಯಾವುದಾದ್ರೂ ಊರಿಗೆ ಹೋರಿ ಬೆದರಿಸೋ ಸ್ಪರ್ಧೆಗೆ ಹೋಗಿ. ಕೊಬ್ಬರಿ ಹಾರ ಹಾಕಿಕೊಂಡು ಓಡೋ ಹೋರಿಗೆ ಸಿನಿಮಾ ಹೀರೋ ಥರ ಹೆಸರು, ಫ್ಲೆಕ್ಸು, ಟೀ-ಶರ್ಟು, ಅಭಿಮಾನಿ ಬಳಗ. ನಂಗೂ ಅದು ಇಷ್ಟಾನೇ, ಪ್ರತಿ ವರ್ಷ ಹೋಗ್ತೀನಿ. ಆದರೆ ಒಂದು ಸಲ ಆ ಹೋರಿಯ ಕೊಬ್ಬರಿ ಯಾರೋ ಕಿತ್ಕೊಂಡ್ರು ಅನ್ನಿ. “ಇವತ್ತ ಮೈಯಾಗ ಹುಷಾರಿರಲಿಲ್ಲ”, “ಅಖಾಡ ಸರಿ ಇರಲಿಲ್ಲ”, “ಅವರು ಮೋಸ ಮಾಡ್ಯಾರ”. ಹಿಡಿದವ ಚೆನ್ನಾಗಿ ಹಿಡಿದ ಅನ್ನೋ ಮಾತು ಬಳಗದಿಂದ ಬರೋದೇ ಇಲ್ಲ. ಹೋರಿಗೆ ಪಾಪ ಇದ್ಯಾವುದೂ ಗೊತ್ತಿಲ್ಲ. ಪಾಲ್‌ಗೆ ಗೊತ್ತಿತ್ತು, ಅದೇ ಅವನ ಕಷ್ಟ. ತನ್ನ ಬಳಗವನ್ನ ತಾನೇ ನಿಲ್ಲಿಸೋಕೆ ಆಗಲಿಲ್ಲ.

ಭಾಗ 4/6

ಮೊದಲ ಪಾರ್ಟಿಯವರು ಹೇಳಿದ ಎರಡು ಮಾತು ನಾನು ಒಪ್ತೀನಿ.

ಒಂದು, ನನ್ನ ಬೆಂಚ್‌ಮೇಟ್ ಅಂದಿದ್ದು: “ನಾ ಓದಿದ್ದು ಮರಳು, ಹುಳ, ಯುದ್ಧಕ್ಕಲೇ. ಎರಡನೇದ್ರಾಗ ಎಲ್ಲಾರೂ ಖೋಲ್ಯಾಗ ಕುಂತು ಬರೇ ಮಾತಾಡ್ತಾರ.” ನಿಜ. ‘ಮೆಸ್ಸಾಯಾ’ ಮೊದಲನೆಯದರ ಅರ್ಧದಷ್ಟೂ ದಪ್ಪ ಇಲ್ಲ, ಆದರೂ ನಂಗೆ ಅದನ್ನ ಮುಗಿಸೋಕೆ ಜಾಸ್ತಿ ದಿನ ಬೇಕಾಯ್ತು. ಪಿತೂರಿ, ಅದರೊಳಗೆ ಇನ್ನೊಂದು ಪಿತೂರಿ. ಆ ದೊಡ್ಡ ಯುದ್ಧ ನಡೆದದ್ದೆಲ್ಲ ಪುಸ್ತಕದ ಹೊರಗೆ. ನಮ್ಮಂಥವರಿಗೆ ಮೊದಲ ಪುಸ್ತಕ ಹಿಡಿದದ್ದೇ ನೀರಿನಿಂದ. ಮೇಲ್ದಂಡೆ ಕಾಲುವೆಗೆ ನೀರು ಬಿಟ್ರೋ ಇಲ್ಲೋ ಅಂತ ಕೇಳ್ಕೊಂಡು ಬೆಳೆದವರು ನಾವು. ಬೆವರನ್ನೂ ಬಿಡದೆ ಸೋಸಿ ಕುಡಿಯೋ ಫ್ರೆಮೆನ್ ಜನ ನಮಗೆ ನೆಂಟರ ಹಾಗೆ ಕಂಡ್ರು. ಎರಡನೇದರಲ್ಲಿ ಅವರೇ ಅರಮನೆಯ ಪೂಜಾರಿಗಳು, ಸೈನ್ಯದ ಅಧಿಕಾರಿಗಳು ಆಗಿಬಿಟ್ಟಿದ್ದಾರೆ. ಬೇಜಾರಾಗೋದು ಸಹಜ. ಬೇಜಾರಾಗಲಿ ಅಂತಲೇ ಬರೆದದ್ದು ಅನ್ನೋದು ಬೇರೆ ವಿಷಯ.

ಎರಡು, “ಲೇಖಕ ಏನ್ ಮಾಡಿದ್ರೂ ಸರಿ ಅನ್ನೋದಾದ್ರ ಚ್ಯೂಬಾಕಾ ಸತ್ತದ್ದೂ ಸರೀನಾ?” ಒಳ್ಳೇ ಏಟು. ಗೊತ್ತಿಲ್ಲದವರಿಗೆ: ‘ಸ್ಟಾರ್ ವಾರ್ಸ್’ ಸಿನಿಮಾಗಳ ಮುಂದಿನ ಕಥೆಯಾಗಿ 1991ರಿಂದ ಕಾದಂಬರಿಗಳ ದೊಡ್ಡ ಸಾಲೇ ಬಂತು. 1999ರಲ್ಲಿ ಹೊಸ ಪ್ರಕಾಶಕರು ‘ವೆಕ್ಟರ್ ಪ್ರೈಮ್’ ಅನ್ನೋ ಪುಸ್ತಕದಿಂದ ಹೊಸ ಸರಣಿ ಶುರು ಮಾಡಿದ್ರು. ಅದರಲ್ಲಿ ಹಾನ್ ಸೋಲೋನ ಮಗನನ್ನು ಉಳಿಸೋಕೆ ಹೋಗಿ ಚ್ಯೂಬಾಕಾ ಸಾಯ್ತಾನೆ, ಇಡೀ ಚಂದ್ರನೇ ಗ್ರಹದ ಮೇಲೆ ಬೀಳುತ್ತೆ. ಓದುಗರು ಕೆಂಡ ಆದ್ರು, ಬೈಗುಳವೆಲ್ಲ ಲೇಖಕ ಆರ್.ಎ. ಸಾಲ್ವಟೋರ್ ಮೇಲೆ. ಆದರೆ ಸಾಯಿಸಬೇಕು ಅನ್ನೋದು ಅವರೊಬ್ಬರ ತೀರ್ಮಾನ ಆಗಿರಲಿಲ್ಲ. ಯಾವ ಪಾತ್ರಕ್ಕೂ ಇನ್ನು ಗ್ಯಾರಂಟಿ ಇಲ್ಲ ಅಂತ ತೋರಿಸೋಕೆ ಪ್ರಕಾಶಕರು, ಲ್ಯೂಕಾಸ್‌ಫಿಲ್ಮ್ ಕಡೆಯವರು ಸೇರಿ ಹಾಕಿದ ಪ್ಲ್ಯಾನ್ ಅದು.

ನನ್ನ ಪ್ರಕಾರ ವ್ಯತ್ಯಾಸ ಇರೋದು ಇಲ್ಲೇ. ಪಾಲ್ ಬಿದ್ದದ್ದು ಪಾಲ್ ಮಾಡಿದ್ದರಿಂದ. ಚ್ಯೂಬಾಕಾ ಸತ್ತದ್ದು ಮೀಟಿಂಗ್‌ನಲ್ಲಿ. ಒಂದು ಕಥೆಯ ಹೊಟ್ಟೆಯಿಂದ ಹುಟ್ಟಿದ ತಿರುವು, ಇನ್ನೊಂದು ಹೊರಗಿನಿಂದ ಅಂಟಿಸಿದ್ದು. (ಅಂಟಿಸಿದ್ದು ನಿಲ್ಲಲೂ ಇಲ್ಲ: 2014ರಲ್ಲಿ ಆ ಹಳೇ ಕಾದಂಬರಿಗಳನ್ನೆಲ್ಲ ‘ಲೆಜೆಂಡ್ಸ್’ ಅಂತ ಬೇರೆ ಇಟ್ರು, 2015ರ ಸಿನಿಮಾದಲ್ಲಿ ಚ್ಯೂಬಾಕಾ ಆರಾಮಾಗಿ ಓಡಾಡ್ಕೊಂಡಿದ್ದಾನೆ.) ಆದರೂ ಆ ಪುಸ್ತಕ ಓದಿ ಅತ್ತವರನ್ನ ನಾನು ನಗಲ್ಲ. ಗೆಳೆಯ ಸತ್ತಮೇಲೆ ಹಾನ್ ತನ್ನ ಮಗನ ಮುಖ ನೋಡೋಕಾಗದೆ ಒದ್ದಾಡೋ ಭಾಗ ಚೆನ್ನಾಗಿದೆ ಅಂತ ಹೇಳೋರಿದ್ದಾರೆ, ಅದೂ ನಿಜ.

ಭಾಗ 5/6

“ಇದೆಲ್ಲ ಫಾರಿನ್ನವರ ಜಗಳ, ಕನ್ನಡದಾಗ ಇಂಥಾವ ಎಲ್ಲಿ?” ಅಂತ ಒಬ್ಬ ಅಣ್ಣ ಕಾಮೆಂಟ್ ಹಾಕಿದ್ದ. ಅಣ್ಣಾ, ಆಕಾಶನೌಕೆ ಇರಲಿಲ್ಲ, ಜಗಳ ಇತ್ತು. ಅದೂ ನಮ್ಮ ಪಾಠದ ಪುಸ್ತಕದೊಳಗಿನ ಇಬ್ಬರು ದೊಡ್ಡವರದ್ದು.

1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ನಾಟಕ ಬರೆದ್ರು. ಹಳೇ ಕಥೆಯಲ್ಲಿ ಶೂದ್ರನಾದ ಶಂಬೂಕ ತಪಸ್ಸು ಮಾಡಿದ ತಪ್ಪಿಗೆ ರಾಮ ಅವನನ್ನ ಕೊಲ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬಾಣ ಶಂಬೂಕನಿಗೆ ನಮಸ್ಕರಿಸಿ, ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತೆ. ಮಾಸ್ತಿ ಇದನ್ನ ಒಪ್ಪಲಿಲ್ಲ. ಜನ ತಲೆತಲಾಂತರದಿಂದ ನಂಬಿಕೊಂಡು ಬಂದ ಕಥೆಯನ್ನ ಹೀಗೆ ಬದಲಿಸೋದು ಸರಿಯಲ್ಲ, ಹೊಸ ವಿಚಾರ ಹೇಳಬೇಕಾದ್ರೆ ಹೊಸ ಕಥೆಯನ್ನೇ ಕಟ್ಟಲಿ ಅನ್ನೋದು ಅವರ ಆಕ್ಷೇಪದ ಸಾರ. ಸ್ವಲ್ಪ ಯೋಚಿಸಿ ನೋಡಿ, “ಬೇರೆ ಹೀರೋನ ಇಟ್ಕೊಂಡು ಬರೀಬೇಕಿತ್ತು, ಪಾಲ್‌ನ ಯಾಕ ಮುಟ್ಟಿದ” ಅಂತ ನಮ್ಮ ಗ್ರೂಪಿನಲ್ಲಿ ಬಂದ ಮೆಸೇಜೂ ಇದೇ ಅಲ್ವಾ?

ಮಾಸ್ತಿ ಮಾತು ಹಗುರದ್ದಲ್ಲ. ಕಥೆ ಅಂದ್ರೆ ಬರೆದವನ ಆಸ್ತಿ ಮಾತ್ರ ಅಲ್ಲ, ಕೇಳಿದವರದ್ದೂ ಹೌದು ಅನ್ನೋದು ಅದರೊಳಗಿದೆ. ಆದರೂ ನಾನು ಕುವೆಂಪು ಕಡೆ. ಶಂಬೂಕ ಮಾಡಿದ ತಪ್ಪಾದರೂ ಏನು ಅನ್ನೋ ಪ್ರಶ್ನೆ ಹೊರಗಿನಿಂದ ತಂದದ್ದಲ್ಲ, ಆ ಹಳೇ ಕಥೆಯೊಳಗೇ ಬಾಯಿಗೆ ಬಟ್ಟೆ ಕಟ್ಕೊಂಡು ಕೂತಿತ್ತು. ಬಟ್ಟೆ ಬಿಚ್ಚಿದ್ದು ಕುವೆಂಪು. ಆಕ್ಷೇಪಕ್ಕೆ ಹೆದರಿ ಅವರೇನೂ ನಿಲ್ಲಲಿಲ್ಲ. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳೀತಾನೆ. ಅದಕ್ಕೇ ಕನ್ನಡದ ಮೊದಲ ಜ್ಞಾನಪೀಠ ಬಂತು. ಆಮೇಲೆ ಮಾಸ್ತಿಯವರಿಗೂ ಜ್ಞಾನಪೀಠ ಬಂತು, ಹಂಗಾಗಿ ಯಾರು ಗೆದ್ರು ಅಂತ ಮತ್ತೆ ಜಗಳ ತೆಗೀಬೇಡಿ.

ಭಾಗ 6/6

ನಿಜವಾಗಿ ನಂಗೆ ಸಿಟ್ಟು ಬಂದ ವಿಷಯ ಈಗ. ಈ ಜಗಳದ ನಡುವೆ ಒಬ್ಬ ಜೂನಿಯರ್, ಸಿನಿಮಾ ಎರಡೂ ನೋಡಿ ಪುಸ್ತಕ ಈಗಷ್ಟೇ ಹಿಡಿದವನು, “ಪಾಲ್ ಒಳ್ಳೆಯವನಾ ಕೆಟ್ಟವನಾ?” ಅಂತ ಕೇಳಿದ. ಉತ್ತರವಾಗಿ ಬಂದದ್ದು “ಫೇಕ್ ಫ್ಯಾನ್”, ಜೊತೆಗೆ ನಗೋ ಸ್ಟಿಕ್ಕರ್. ಹಾಕಿದವರಲ್ಲಿ ಎರಡೂ ಪಾರ್ಟಿಯವರು ಇದ್ರು. ಅವನು ಗ್ರೂಪ್ ಬಿಟ್ಟು ಹೋದ.

ನಮ್ಮೂರಲ್ಲಿ ಇಂಥ ಪುಸ್ತಕ ಓದೋರನ್ನೆಲ್ಲ ಕೂಡಿಸಿದ್ರೆ ಒಂದು ಆಟೋ ತುಂಬಬಹುದು, ಡ್ರೈವರ್ ಪಕ್ಕ ಜಾಗ ಉಳಿಯುತ್ತೆ. ಅದರಲ್ಲಿ ಒಬ್ಬನನ್ನ ಇಳಿಸಿಬಿಟ್ವಿ. ಅವನು ಕೇಳಿದ್ದು ಆ ಎರಡು ವಾರದಲ್ಲಿ ಬಂದ ಒಳ್ಳೇ ಪ್ರಶ್ನೆ. 1969ರಲ್ಲಿ ಜನ ಜಗಳ ಆಡಿದ್ದು ಅದಕ್ಕೇ, ಹರ್ಬರ್ಟ್ ಪುಸ್ತಕ ಬರೆದದ್ದೂ ಅದಕ್ಕೇ. ಹೀರೋನ ಹೆಸರಿನಲ್ಲಿ ಬೇರೆಯವರನ್ನ ಹೊರಗೆ ಹಾಕೋ ಬಳಗದ ಕಥೆ ಓದಿ, ಅದರ ಮೇಲೇ ಜಗಳ ಆಡ್ತಾ ನಾವು ಮಾಡಿದ್ದು ಅದನ್ನೇ. ತಮ್ಮಾ, ಇದನ್ನ ಓದ್ತಾ ಇದ್ರೆ ಡಿಎಂ ಮಾಡು. ನನ್ನ ಹತ್ರ ಉತ್ತರ ಇಲ್ಲ, ಕೈನ್ಸ್ ಸಾಯೋ ಪುಟದ ನಂಬರ್ ಐತಿ.

ಇನ್ನು ಸಿನಿಮಾ. ಓದುಗರು ಪಾಲ್‌ನ ಬರೀ ಹೀರೋ ಅಂತ ತಿಳಿದದ್ದು ಹರ್ಬರ್ಟ್‌ಗೆ ಬೇಸರ ತಂದಿತ್ತು, ಅದಕ್ಕೇ ಚಾನಿ ಪಾತ್ರ ಬದಲಿಸಿದೆ ಅಂತ ನಿರ್ದೇಶಕ ಡೆನಿ ವಿಲ್ನೆವ್ ಹೇಳಿದ್ದಾರೆ. ಮೊದಲ ಕಾದಂಬರಿಯ ಕೊನೆಯಲ್ಲಿ ಚಾನಿ ಪಾಲ್ ಜೊತೆಗೇ ಉಳೀತಾಳೆ. 2024ರ ಸಿನಿಮಾದಲ್ಲಿ ಎಲ್ಲರೂ ಅವನಿಗೆ ತಲೆಬಾಗೋವಾಗ ಇವಳು ಬಾಗದೆ ಹೊರಗೆ ನಡೆದು, ಹುಳಕ್ಕೆ ಕಾಯ್ತಾ ಮರಳಲ್ಲಿ ಒಬ್ಬಳೇ ನಿಲ್ತಾಳೆ. ನಮ್ಮ ಗ್ರೂಪಿನ ಎರಡೂ ಪಾರ್ಟಿ ಇದಕ್ಕೂ ಬೈದವು, ಅದೊಂದರಲ್ಲಿ ಮಾತ್ರ ಒಗ್ಗಟ್ಟು. ನಂಗೆ ಆ ಬದಲಾವಣೆ ಸರಿ ಅನ್ಸಿದೆ. ಆದರೆ ‘ಮೆಸ್ಸಾಯಾ’ದಲ್ಲಿ ಚಾನಿ ಅವಳಿ ಮಕ್ಕಳನ್ನ ಹೆತ್ತು ಸಾಯ್ತಾಳೆ, ಅದಾದ ಮೇಲೇ ಕಣ್ಣಿಲ್ಲದ ಪಾಲ್ ಫ್ರೆಮೆನ್ ಪದ್ಧತಿಯಂತೆ ಮರಳುಗಾಡಿಗೆ ಒಬ್ಬನೇ ನಡೆದು ಹೋಗೋದು. ಸಿಟ್ಟಾಗಿ ಹೋದವಳನ್ನ ವಾಪಸ್ ಕರ್ಕೊಂಡು ಬರೋದು ಹೆಂಗೆ? ಸುಮ್ನೆ ಒಂದು ಹಾಡಿನಲ್ಲಿ ರಾಜಿ ಮಾಡಿಸಿದ್ರೆ, ಆವಾಗ ಮೋಸ ಅಂತ ಮೊದಲು ಕೂಗೋನು ನಾನೇ.

ಮೂರನೇ ಪುಸ್ತಕ ‘ಚಿಲ್ಡ್ರನ್ ಆಫ್ ಡ್ಯೂನ್’ ಸೋಮವಾರ ಕ್ಲಾಸಿಗೆ ತರ್ತೀನಿ. ಮೊದಲು ಆ ಜೂನಿಯರ್‌ಗೆ, ಅವನು ಬೇಡ ಅಂದ್ರೆ ಕಾಮೆಂಟ್‌ನಲ್ಲಿ ಮೊದಲು ಕೇಳಿದವರಿಗೆ. ಪುಟ ಮಡಚಬೇಡಿ, ಬಸ್ ಟಿಕೆಟ್ ಇಟ್ಕೊಳ್ಳಿ.

#ಡ್ಯೂನ್ #ಡ್ಯೂನ್_ಮೆಸ್ಸಾಯಾ #ಕನ್ನಡದಲ್ಲಿ_ಪುಸ್ತಕದ_ಮಾತು #ರಾಣೆಬೆನ್ನೂರು