ಗೆರೆ ಬೇಕು, ಗೆರೆ ಒಪ್ಪಿದವರು ಬೇಡ
ಟಿಬೆಟ್ ಚೀನಾದ ಮನೆ ವಿಷಯ, ನಮಗ್ಯಾಕೆ ಉಸಾಬರಿ ಅಂತ ದೆಹಲಿಯಲ್ಲಿ ಓದಿಕೊಂಡವರೇ ಹೇಳುತ್ತಾರೆ. ಸಾರ್ವಭೌಮತ್ವವಂತೆ! ಹಾಗಾದರೆ ಅರುಣಾಚಲದ ಗಡಿಗೆ ನಾವು ತೋರಿಸುವ ಮ್ಯಾಕ್‌ಮೋಹನ್ ರೇಖೆ ಎಲ್ಲಿಂದ ಬಂತು ಸ್ವಾಮಿ? 1914ರ ಮಾರ್ಚ್‌ನಲ್ಲಿ, ಇದೇ ದೆಹಲಿಯಲ್ಲಿ, ಬ್ರಿಟಿಷರಿಗೆ ಪತ್ರ ಬರೆದು ಅದನ್ನು ಒಪ್ಪಿದವರು ಲ್ಹಾಸಾದ ಪ್ರತಿನಿಧಿ ಲೋನ್‌ಚೆನ್ ಶಾತ್ರಾ. ಒಪ್ಪೋದಕ್ಕೆ ಟಿಬೆಟ್ಟಿಗೆ ಹಕ್ಕೇ ಇರಲಿಲ್ಲ ಅನ್ನೋದು ಚೀನಾದ ತಕರಾರು. 1954ರಲ್ಲಿ ನೆಹರೂ ಸರ್ಕಾರ, 2003ರಲ್ಲಿ ವಾಜಪೇಯಿ ಸರ್ಕಾರ (ಇದರಲ್ಲಿ ಮಾತ್ರ ಪಕ್ಷಭೇದವಿಲ್ಲ) ಟಿಬೆಟ್ಟನ್ನು ಚೀನಾದ ಭಾಗವೆಂದೇ ಬರೆದುಕೊಟ್ಟವು. ದಲಾಯಿ ಲಾಮಾ ಸ್ವಾತಂತ್ರ್ಯ ಬಿಟ್ಟು ಬರೀ ಸ್ವಾಯತ್ತತೆ ಕೇಳಿದರೂ ಚೀನಾ ಕೊಡಲಿಲ್ಲ.

ನೀವು ಭಾನುವಾರ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ಫೋಟೊ ತೆಗೆಸಿಕೊಂಡು ಬರ್ತೀರಲ್ಲ, 1960ರಲ್ಲಿ ಮೈಸೂರು ರಾಜ್ಯವೇ ಜಮೀನು ಕೊಟ್ಟ ಊರು ಅದು. ಅಲ್ಲೇ ಹುಟ್ಟಿದ ಎಷ್ಟೋ ಮಂದಿ ನಮ್ಮ ಸರ್ಕಾರದ ಕಾಗದದಲ್ಲಿ ಇವತ್ತಿಗೂ ವಿದೇಶಿಯರು.